ಮೊಡವೆ: ತಾತ್ಸಾರವೂ ಬೇಡ, ಆತುರವೂ ಬೇಡ

ಯೌವನವು ಒಂಟಿಯಾಗಿ ಬರುವುದಿಲ್ಲ. ಬರುವಾಗ ಮುಖದ ಮೇಲೆ ನಾಲ್ಕು ಮೊಡವೆಗಳನ್ನೂ ಕರೆತರುತ್ತದೆ. ಆಯುರ್ವೇದ ಗ್ರಂಥಗಳು ಇದಕ್ಕೆ ‘ಯೌವನಪಿಡಕಾ’ ಎಂಬ ಹೆಸರಿತ್ತಿರುವುದು ಅನ್ವರ್ಥವಾಗಿಯೇ ಇದೆ. “ಮದುವೆಯಾದರೆ ತಾನಾಗಿಯೇ ಹೋಗುತ್ತದೆ” ಎಂದು ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ಆದರೆ ಮುಂಬಯಿಯಂತಹ ಮಹಾನಗರದಲ್ಲಿ ಬೆಳೆಯುತ್ತಿರುವ ಕನ್ನಡಿಗರ ಮಕ್ಕಳಿಗೆ ಇದು ನಗೆಯ ಮಾತಲ್ಲ. ಡೊಂಬಿವಲಿಯಿಂದಲೋ ಮುಲುಂಡಿನಿಂದಲೋ ಲೋಕಲ್ ರೈಲಿನಲ್ಲಿ ಬೆವರುತ್ತ ಕಾಲೇಜು ಸೇರುವ ಹುಡುಗಿ ತರಗತಿಯಲ್ಲಿ ಮುಖ ತಗ್ಗಿಸಿ ಕೂರುತ್ತಾಳೆ. ರಜೆಯಲ್ಲಿ ಊರಿನ ಮದುವೆಗೆ ಬರಲೊಲ್ಲೆನೆನ್ನುತ್ತಾಳೆ. ಚಪ್ಪರದೊಳಗೆ ಕಾಲಿಟ್ಟೊಡನೆ ಬಂಧುಗಳು ಕೇಳುವ ಮೊದಲ ಪ್ರಶ್ನೆ, “ಮುಖಕ್ಕೆ ಏನಾಯಿತೇ?” ಎಂಬುದೇ ಅಲ್ಲವೆ?

ಮೊದಲು ತಿಳಿಯಬೇಕಾದುದೆಂದರೆ, ಮೊಡವೆ ಕೊಳಕಿನ ಫಲವಲ್ಲ. ಹರೆಯದಲ್ಲಿ ಆಂಡ್ರೋಜನ್ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಚರ್ಮದ ಸತ್ತ ಜೀವಕೋಶಗಳು ಅದರೊಡನೆ ಬೆರೆತು ರೋಮಕೂಪದ ಬಾಯನ್ನು ಮುಚ್ಚುತ್ತವೆ. ಒಳಗೆ ಬ್ಯಾಕ್ಟೀರಿಯಾಗಳು ವೃದ್ಧಿಸಿ, ಉರಿಯೂತವುಂಟಾಗಿ ಗುಳ್ಳೆಯೇಳುತ್ತದೆ. ಹೀಗಿರುವಾಗ ದಿನಕ್ಕೆ ಐದಾರು ಬಾರಿ ಸಾಬೂನಿನಿಂದ ತಿಕ್ಕಿದರೆ ಚರ್ಮ ಒಣಗಿ ಕೆಂಪಾಗುವುದೇ ಹೊರತು ಮೊಡವೆ ಮಾಯುವುದಿಲ್ಲ. ಊರಿನಿಂದ ಅಜ್ಜಿ ಕಳುಹಿಸುವ ಕಡಲೆಹಿಟ್ಟಿನ ಪೊಟ್ಟಣದಲ್ಲಿ ಪ್ರೀತಿಯಿದೆ. ಅದು ಮೇಲಿನ ಜಿಡ್ಡನ್ನೂ ತೆಗೆದೀತು. ಆದರೆ ರೋಮಕೂಪದೊಳಗಿನ ಅಡಚಣೆಯನ್ನು ನೀಗುವುದು ಅದರ ಶಕ್ತಿಗೆ ಮೀರಿದ್ದು.

ಅಂಗಡಿಗಳಲ್ಲಿ ಸಾಲಾಗಿ ನಿಂತಿರುವ ಫೇಸ್‌ವಾಶ್‌ಗಳ ಪೈಕಿ ಯಾವುದು ಉಪಯುಕ್ತವೆಂಬುದನ್ನು ಜಾಹೀರಾತಿನ ಸುಂದರಿ ಹೇಳಲಾರಳು. ಬೆನ್ನಿನ ಸಣ್ಣಕ್ಷರಗಳು ಹೇಳುತ್ತವೆ. ಅಲ್ಲಿ ಹುಡುಕಬೇಕಾದುವು ಮುಖ್ಯವಾಗಿ ಎರಡು. ಒಂದು, ಶೇಕಡಾ 0.5ರಿಂದ 2ರವರೆಗಿನ ಸ್ಯಾಲಿಸಿಲಿಕ್ ಆಮ್ಲ. ಜಿಡ್ಡಿನಲ್ಲಿ ಕರಗುವ ಗುಣವಿರುವುದರಿಂದ ಇದು ರೋಮಕೂಪದೊಳಕ್ಕಿಳಿದು ಅಡಚಣೆಯನ್ನು ಸಡಿಲಿಸುತ್ತದೆ. ಎರಡನೆಯದು, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಬೆಂಜಾಯಿಲ್ ಪೆರಾಕ್ಸೈಡ್. ಇದರ ಪ್ರಮಾಣ ಏರಿದಂತೆ ಗುಣವೂ ಏರುವುದೆಂಬುದು ತಪ್ಪು ತಿಳಿವಳಿಕೆ. ಏರುವುದು ಬಹುಮಟ್ಟಿಗೆ ಉರಿ. ಟವೆಲ್ಲಿನ, ದಿಂಬಿನ ಹೊದಿಕೆಯ ಬಣ್ಣವನ್ನೂ ಇದು ಕಳೆಯುತ್ತದೆಂಬುದನ್ನು ಗೃಹಿಣಿಯರು ನೆನಪಿಡಬೇಕು.

ಬಳಕೆಯ ವಿಧಾನ ಸರಳ. ಬೆಳಿಗ್ಗೆಗೊಮ್ಮೆ, ರಾತ್ರಿಗೊಮ್ಮೆ, ಬೆರಳ ತುದಿಯಿಂದ ಮೃದುವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ತೊಳೆದು, ತಿಕ್ಕದೆ ಒತ್ತಿ ಒರೆಸಬೇಕು. ಆರಂಭದಲ್ಲಿ ದಿನಕ್ಕೊಂದು ಸಲ ಸಾಕು. ಚರ್ಮ ಒಣಗಿದರೆ ಜಿಡ್ಡಿಲ್ಲದ ಮಾಯಿಶ್ಚರೈಸರ್ ಹಚ್ಚಬೇಕು. ಧಾರಾಳವಾಗಿ ತಲೆಗೆ ಎಣ್ಣೆ ಹಚ್ಚುವ ಮನೆಗಳಲ್ಲಿ ಅದು ಹಣೆಗಿಳಿಯದಂತೆ ನೋಡಿಕೊಳ್ಳಬೇಕು. ಹಣೆಯಂಚಿನ ಮೊಡವೆಗೆ ಎಷ್ಟೋ ಬಾರಿ ಅದೇ ಕಾರಣ. ಇಷ್ಟಾದರೂ ಫಲ ಕಾಣಲು ಆರರಿಂದ ಎಂಟು ವಾರಗಳು ಬೇಕು. ನಿಮಿಷದೊಳಗೆ ನೀರಿನೊಡನೆ ತೊಳೆದುಹೋಗುವ ವಸ್ತುವಿನಿಂದ ಪವಾಡವನ್ನು ನಿರೀಕ್ಷಿಸುವುದು ತರವಲ್ಲ. ಹಗುರ ಮೊಡವೆಗೆ ಅದು ಒಳ್ಳೆಯ ಸಹಾಯಕ, ಅಷ್ಟೆ.

ತಾಳ್ಮೆ ತಪ್ಪಿದಲ್ಲಿಯೇ ನಿಜವಾದ ಅಪಾಯ. ವಾರದಲ್ಲಿ ಗುಣ ಕಾಣಲಿಲ್ಲವೆಂದು ನಿಂಬೆರಸ, ಟೂತ್‌ಪೇಸ್ಟ್ ಹಚ್ಚಿ ಮುಖ ಸುಟ್ಟುಕೊಳ್ಳುವವರಿದ್ದಾರೆ. ಅದಕ್ಕಿಂತಲೂ ಕೆಟ್ಟದ್ದು, ಗೆಳತಿಯರ ಮಾತು ಕೇಳಿ ಔಷಧದಂಗಡಿಯಿಂದ ತರುವ ಸ್ಟೀರಾಯ್ಡ್ ಬೆರೆತ ಮುಲಾಮು. ನಾಲ್ಕು ದಿನ ಮುಖ ತಿಳಿಯಾದಂತೆ ತೋರುತ್ತದೆ. ಕ್ರಮೇಣ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇಮ್ಮಡಿಯಾಗಿ ಮರಳುತ್ತದೆ. ಇಂತಹ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿಯೇ ಕೇಂದ್ರ ಸರಕಾರ ನಿಯಮವನ್ನು ಬಿಗಿಗೊಳಿಸಿತು. ಆದರೆ ಕೊಳ್ಳುವವರಲ್ಲಿ ಎಚ್ಚರವಿಲ್ಲದಿದ್ದರೆ ಕಾಯಿದೆಯೊಂದೇ ಏನು ಮಾಡೀತು?

ಗಂಟುಗಟ್ಟಿ ನೋಯುವ ಮೊಡವೆ, ಕುಳಿ ಬೀಳುವ ಮೊಡವೆ, ಎರಡು ತಿಂಗಳಾದರೂ ಜಗ್ಗದ ಮೊಡವೆ ಚರ್ಮವೈದ್ಯರ ಪಾಲಿಗೆ ಸೇರಿದವು. ಹುಡುಗಿಯರಲ್ಲಿ ಮುಟ್ಟಿನ ಏರುಪೇರೂ ಮುಖದ ಮೇಲೆ ಅತಿರೋಮವೂ ಜೊತೆಗಿದ್ದರೆ ಕಾಯುತ್ತ ಕೂರಬಾರದು. ಕಪ್ಪು, ಗೋಧಿ ಮೈಬಣ್ಣದವರಲ್ಲಿ ಮೊಡವೆ ಹೋದ ಮೇಲೂ ಕಲೆ ತಿಂಗಳುಗಟ್ಟಲೆ ಉಳಿಯುವುದರಿಂದ, ಹಿಸುಕುವ ಚಾಳಿಯನ್ನಂತೂ ಬಿಡಲೇಬೇಕು.

ಜ್ವರ ಬಂದ ಮಗುವಿಗೆ ಔಷಧ ತರಲು ಯಾವ ತಂದೆಯೂ ಹಿಂಜರಿಯುವುದಿಲ್ಲ. ಮೊಡವೆಯ ಔಷಧವೆಂದರೆ ಮಾತ್ರ ಅದು ಶೋಕಿ, ದುಂದು. ಈ ಭಾವನೆ ಬದಲಾಗಬೇಕು. ಮನೆಯಲ್ಲಿ ತಾತ್ಸಾರ ಕಂಡ ಮಕ್ಕಳೇ ಗುಟ್ಟಾಗಿ ಅಪಾಯದ ಮುಲಾಮಿಗೆ ಕೈಚಾಚುವುದು. ಹಿರಿಯರು ತಾತ್ಸಾರವನ್ನೂ ಕಿರಿಯರು ಆತುರವನ್ನೂ ಬಿಟ್ಟರೆ, ಸೀಸೆಯೊಳಗಿನ ಔಷಧ ತನ್ನ ಕೆಲಸವನ್ನು ತಾನು ಮಾಡೀತು. ಮುಂದಿನ ಮದುವೆಯ ಚಪ್ಪರದಲ್ಲಿ ಆ ಹುಡುಗಿಯನ್ನು ಕಂಡ ಬಂಧುಗಳು ಅವಳ ಓದಿನ ವಿಚಾರ ಕೇಳಲಿ; ಮುಖದ ವಿಚಾರ ಅವಳಿಗೂ ಅವಳ ವೈದ್ಯರಿಗೂ ಬಿಟ್ಟದ್ದು.