ಒಡನಾಡಿಯ ಮೇಲಣ ದೂರು

ಕಳೆದ ಡಿಸೆಂಬರ್ ತಿಂಗಳಲ್ಲಿ ನಮ್ಮ ಹೈಸ್ಕೂಲಿನ ಮೇಲ್ತರಗತಿಗಳ ವಿದ್ಯಾರ್ಥಿನಿಯರನ್ನು ಕರೆದುಕೊಂಡು ನಾವು ಹಂಪೆಗೆ ಹೋಗಿದ್ದೆವು. ವಿರೂಪಾಕ್ಷ ದೇವಾಲಯದ ಮುಂದೆ ಮೂಡಲಿಗೆ ಚಾಚಿಕೊಂಡಿರುವ ಹಂಪಿ ಬಜಾರಿನಲ್ಲಿ, ಒಂದು ಸಾಲುಮಂಟಪದ ನೆರಳಿನಲ್ಲಿ ಮಕ್ಕಳು ದಣಿವಾರಿಸಿಕೊಳ್ಳುತ್ತಿದ್ದಾಗ, ಬೇರೊಂದು ಊರಿನ ಶಾಲೆಯವರೂ ಅಲ್ಲಿಗೆ ಬಂದರು. ಅವರ ಉಪಾಧ್ಯಾಯಿನಿಯೊಬ್ಬರು ನಮ್ಮ ಮಕ್ಕಳನ್ನು ವಿಶ್ವಾಸದಿಂದ ಮಾತನಾಡಿಸಿ, ಈ ಸಲದ ಥ್ರೋಬಾಲ್ ಪಂದ್ಯಾಟದಲ್ಲಿ ನಿಮ್ಮ ಗತಿ ಏನಾಯಿತೆಂದು ಕೇಳಿದರು. ನಮ್ಮ ತಂಡದ ಹುಡುಗಿಯೊಬ್ಬಳು ಥಟ್ಟನೆ ಎದ್ದು, ಪಕ್ಕದಲ್ಲಿ ಕುಳಿತಿದ್ದವಳ ಕಡೆಗೆ ಕೈ ತೋರಿಸಿ, "ಸೋತೆವು ಟೀಚರ್. ಇವಳ ದೆಸೆಯಿಂದಲೇ ಸೋತೆವು. ಕೊನೆಯ ಚೆಂಡನ್ನು ಬಿಟ್ಟವಳು ಇವಳು. ಅಭ್ಯಾಸಕ್ಕೂ ಸರಿಯಾಗಿ ಬರುತ್ತಿರಲಿಲ್ಲ" ಎಂದುಬಿಟ್ಟಳು.

ಹೇಳಿದ ಮಾತಿನಲ್ಲಿ ಸುಳ್ಳು ಒಂದೂ ಇರಲಿಲ್ಲ. ಚೆಂಡು ಬಿದ್ದುದು ನಿಜ. ಅಭ್ಯಾಸ ತಪ್ಪಿದುದೂ ನಿಜ. ಆದರೆ ದೂರಿಗೆ ಒಳಗಾದ ಹುಡುಗಿಯು ಒಂದು ಮಾತನ್ನೂ ಆಡದೆ ಎದ್ದು, ಬೀದಿಯ ಆ ತುದಿಯಲ್ಲಿರುವ ದೊಡ್ಡ ಬಸವಣ್ಣನ ಕಡೆಗೆ ಒಬ್ಬಳೇ ನಡೆದುಹೋದಳು. ಅಭ್ಯಾಸ ತಪ್ಪಿದ ದಿನಗಳಲ್ಲಿ ಆಕೆ ಆಸ್ಪತ್ರೆಯಲ್ಲಿ ತನ್ನ ತಾಯಿಯ ಶುಶ್ರೂಷೆಯಲ್ಲಿದ್ದಳೆಂಬುದು ತರಗತಿಯ ಉಪಾಧ್ಯಾಯಿನಿಗೆ ಮಾತ್ರ ತಿಳಿದಿದ್ದಿತು. ಮನೆಯ ಆ ಸಂಗತಿಯನ್ನು ಅಪರಿಚಿತರ ನಡುವೆ ಹೇಳಿಕೊಳ್ಳಲು ಯಾವ ಮಗುವಿಗೆ ತಾನೇ ಮನಸ್ಸು ಬಂದೀತು?

ನಾವು ಆ ಹುಡುಗಿಯನ್ನು ಗದರಿಸಿದೆವು. ಆದರೆ ಗದರಿಸುವಾಗಲೇ ನಮ್ಮ ಮನಸ್ಸು ಅಳುಕಿತು. ಇದನ್ನು ಆಕೆ ಎಲ್ಲಿ ಕಲಿತಳು? ಆಟವನ್ನೇ ಜೀವನವೃತ್ತಿಯಾಗಿ ಮಾಡಿಕೊಂಡ ದೊಡ್ಡ ದೊಡ್ಡ ಆಟಗಾರರು, ತಮ್ಮೊಡನೆ ಆಡುವವರ ಕುಂದುಗಳನ್ನು ವೃತ್ತಪತ್ರಿಕೆಗಳ ಬಾತ್ಮೀದಾರರ ಮುಂದೆಯೂ ಸಾಮಾಜಿಕ ಜಾಲತಾಣಗಳಲ್ಲಿಯೂ ಎತ್ತಿ ಆಡುತ್ತಿರುವುದನ್ನು ನಮ್ಮ ಮಕ್ಕಳು ದಿನವೂ ಕಾಣುತ್ತಿಲ್ಲವೇ?

ನಮ್ಮ ಕರ್ನಾಟಕಕ್ಕೆ ಸಂಬಂಧಿಸಿದ ಒಂದು ದೀರ್ಘವಾದ ಕಲಹವನ್ನೇ ನೋಡಬಹುದು. ಬೆಂಗಳೂರಿನಲ್ಲಿ ನೆಲೆಸಿದ ಮಹೇಶ್ ಭೂಪತಿಯವರೂ ಲಿಯಾಂಡರ್ ಪೇಸ್ ಅವರೂ ಜೊತೆಗೂಡಿ 1999ರಲ್ಲಿ ಟೆನ್ನಿಸ್ಸಿನ ನಾಲ್ಕು ಮಹಾಪಂದ್ಯಾವಳಿಗಳಲ್ಲಿಯೂ ಅಂತಿಮ ಘಟ್ಟವನ್ನು ಮುಟ್ಟಿ, ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಎರಡನ್ನೂ ಗೆದ್ದರು. ಅಂತಹ ಜೋಡಿ ಮುರಿಯಿತು, ಮತ್ತೆ ಕೂಡಿತು, ಮತ್ತೆ ಮುರಿಯಿತು. 2012ರ ಲಂಡನ್ ಒಲಿಂಪಿಕ್ಸ್ ಸಮೀಪಿಸಿದಾಗ ಭೂಪತಿಯವರು ಪೇಸರೊಡನೆ ಆಡಲೊಲ್ಲೆನೆಂದರು. ಕೊಡಗಿನ ಮನೆತನದ ರೋಹನ್ ಬೋಪಣ್ಣನವರೂ ಒಲ್ಲೆನೆಂದರು. ಈ ಮಾತುಗಳೆಲ್ಲವೂ ಪತ್ರಿಕೆಗಳ ಮುಖಾಂತರವೇ ಲೋಕಕ್ಕೆ ತಿಳಿದುವು. ಕೊನೆಗೆ ಎರಡು ಜೋಡಿಗಳನ್ನು ಕಳುಹಿಸಬೇಕಾಯಿತು. ಎರಡೂ ಎರಡನೆಯ ಸುತ್ತಿನಲ್ಲಿಯೇ ಸೋತು ಹಿಂದಿರುಗಿದುವು.

ಇಷ್ಟಕ್ಕೇ ಮುಗಿಯಲಿಲ್ಲ. 2017ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಟೆನ್ನಿಸ್ ಅಂಗಳದಲ್ಲಿ ಉಜ್ಬೇಕಿಸ್ತಾನದೊಡನೆ ಡೇವಿಸ್ ಕಪ್ ಪಂದ್ಯ ನಡೆದಾಗ, ಭೂಪತಿಯವರು ಆಡದ ನಾಯಕರಾಗಿ ಪೇಸರನ್ನು ಕೈಬಿಟ್ಟು ಬೋಪಣ್ಣನವರನ್ನು ಆರಿಸಿದರು. ಒಬ್ಬರು ಬಾತ್ಮೀದಾರರ ಮುಂದೆ ಆಡಿದ ಮಾತಿಗೆ ಉತ್ತರವಾಗಿ, ಮತ್ತೊಬ್ಬರು ತಮ್ಮಿಬ್ಬರ ನಡುವಣ ಖಾಸಗಿ ಮೊಬೈಲು ಸಂದೇಶಗಳನ್ನೇ ಫೇಸ್‌ಬುಕ್ಕಿನಲ್ಲಿ ಪ್ರಕಟಿಸಿದರು. ಭಾರತವು ಆ ಪಂದ್ಯವನ್ನು ಸುಲಭವಾಗಿ ಗೆದ್ದಿತು. ಆದರೆ ಜನರ ಬಾಯಲ್ಲಿ ಉಳಿದುದು ಆ ಸಂದೇಶಗಳು. ಒಂದು ಕಾಲದಲ್ಲಿ ಒಂದೇ ಬಟ್ಟಲನ್ನು ಇಬ್ಬರೂ ಎತ್ತಿಹಿಡಿದವರು! ಯಾರದು ತಪ್ಪು, ಯಾರದು ಒಪ್ಪು ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ನಂಬಿ ಬರೆದ ಮಾತನ್ನು ನಾಳೆ ಬೀದಿಯ ಜನ ಓದುವರೆಂಬ ಭಯ ಒಮ್ಮೆ ಹೊಕ್ಕ ತಂಡದಲ್ಲಿ ಯಾರು ಯಾರಿಗೆ ಮನಸ್ಸು ಬಿಚ್ಚಿ ಬುದ್ಧಿ ಹೇಳಿಯಾರು?

ಇದಕ್ಕೊಂದು ಉತ್ತರಾರ್ಧವುಂಟು, ಅದನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಮರುವರುಷದ ಏಪ್ರಿಲ್‌ನಲ್ಲಿ ಚೀನಾದ ತಿಯಾನ್ಜಿನ್ ನಗರದಲ್ಲಿ ಭಾರತವು ಮೊದಲ ದಿನ ಎರಡು ಪಂದ್ಯಗಳನ್ನೂ ಸೋತು ಕುಳಿತಿತ್ತು. ಅಂದು ಜೋಡಿಯಾಗಿ ಅಂಗಳಕ್ಕೆ ಇಳಿದವರು ಅದೇ ಪೇಸ್ ಮತ್ತು ಅದೇ ಬೋಪಣ್ಣ. ನಾಯಕರು ಅದೇ ಭೂಪತಿ. ಮೊದಲ ಸೆಟ್ ಸೋತರೂ ಮುಂದಿನ ಎರಡನ್ನು ಗೆದ್ದರು. ಪೇಸರಿಗೆ ಅದು ಡೇವಿಸ್ ಕಪ್ ಜೋಡಿಯಾಟದಲ್ಲಿ 43ನೆಯ ಗೆಲುವು, ಜಗತ್ತಿನ ದಾಖಲೆ. ಭಾರತ 3-2ರಿಂದ ಗೆದ್ದಿತು. ಪರಸ್ಪರ ಪ್ರೀತಿಯಿಲ್ಲದೆಯೂ ಜೊತೆಯಾಗಿ ಆಡಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಗಂಡಸರ ಈ ಜಗಳವನ್ನು ನಮ್ಮ ಹುಡುಗಿಯರು ನಕ್ಕು ಮರೆಯಬಹುದು. ಆದರೆ 2023ರಲ್ಲಿ ಚೀನಾದ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ನಡೆದುದನ್ನು ಅವರು ಮರೆಯಬಾರದು. ಹೆಪ್ಟಾಥ್ಲಾನ್ ಎಂಬುದು ಹೆಣ್ಣುಮಕ್ಕಳ ಅತ್ಯಂತ ಕಠಿಣವಾದ ಸ್ಪರ್ಧೆ. ಹರ್ಡಲ್ಸ್, ಎತ್ತರ ಜಿಗಿತ, ಗುಂಡೆಸೆತ, 200 ಮೀಟರು ಓಟ, ಉದ್ದ ಜಿಗಿತ, ಜಾವೆಲಿನ್ ಎಸೆತ, 800 ಮೀಟರು ಓಟ, ಇಷ್ಟನ್ನೂ ಎರಡು ದಿನಗಳಲ್ಲಿ ಮಾಡಿ ಮುಗಿಸಬೇಕು. ಭಾರತದಿಂದ ಇಬ್ಬರು ಸ್ಪರ್ಧಿಸಿದ್ದರು. ಒಬ್ಬರು ಬಂಗಾಳದ ಜಲಪಾಯ್‌ಗುಡಿಯ ಸ್ವಪ್ನಾ ಬರ್ಮನ್. ಬಡ ಗಾಡಿಯವನ ಮಗಳು. ಎರಡು ಪಾದಗಳಲ್ಲಿಯೂ ಆರಾರು ಬೆರಳುಗಳಿದ್ದು ಸರಿಯಾದ ಪಾದರಕ್ಷೆಯೂ ಒದಗದೆ ನೊಂದವರು. 2018ರಲ್ಲಿ ಜಕಾರ್ತದಲ್ಲಿ ಹಲ್ಲುನೋವಿಗೆ ಕೆನ್ನೆಗೆ ಪಟ್ಟಿ ಬಿಗಿದುಕೊಂಡೇ ಚಿನ್ನ ಗೆದ್ದವರು. ಮತ್ತೊಬ್ಬರು ಸಿಕಂದರಾಬಾದಿನ ಚಹದಂಗಡಿಯವರ ಮಗಳು ನಂದಿನಿ ಅಗಸರ. ಆ ಮನೆತನದ ಹೆಸರು ನಮ್ಮ ಸೀಮೆಯ ಕಿವಿಗೆ ಹೊಸದಲ್ಲ. ಆಗ ಆಕೆಗೆ ಇಪ್ಪತ್ತು ವರ್ಷ.

ನಂದಿನಿಯವರಿಗೆ 5712 ಅಂಕಗಳು, ಸ್ವಪ್ನಾ ಅವರಿಗೆ 5708. ನಾಲ್ಕು ಅಂಕಗಳೆಂದರೆ 800 ಮೀಟರು ಓಟದಲ್ಲಿ ಅರ್ಧ ಸೆಕೆಂಡಿಗೂ ಕಡಮೆ ಕಾಲ. ನಂದಿನಿಯವರಿಗೆ ಕಂಚಿನ ಪದಕ ದೊರೆಯಿತು, ಸ್ವಪ್ನಾ ನಾಲ್ಕನೆಯವರಾದರು. ಅವರ ಸಂಕಟವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಆ ಸಂಕಟದಲ್ಲಿ ಅವರು, ನಂದಿನಿಯವರು ಹೆಣ್ಣುಮಕ್ಕಳ ಸ್ಪರ್ಧೆಗೇ ಅರ್ಹರಲ್ಲವೆಂಬ ಅರ್ಥ ಬರುವ ಮಾತೊಂದನ್ನು ಜಾಲತಾಣದಲ್ಲಿ ಬರೆದು, ತಮ್ಮ ಪದಕವನ್ನು ಹಿಂದಕ್ಕೆ ಕೊಡಬೇಕೆಂದು ಕೇಳಿದರು. ಆ ಮಾತನ್ನು ಇಲ್ಲಿ ಮತ್ತೊಮ್ಮೆ ಅಚ್ಚು ಹಾಕಿಸಲು ನಾವು ಒಪ್ಪುವುದಿಲ್ಲ. ಅದಕ್ಕೆ ಪುರಾವೆಯನ್ನೇನೂ ಅವರು ಮುಂದಿಡಲಿಲ್ಲ. ಬಳಿಕ ಆ ಬರಹವನ್ನು ಅವರೇ ತೆಗೆದುಹಾಕಿದರು. ಆದರೆ ಅಷ್ಟರಲ್ಲಿ ಅದು ದೇಶವನ್ನೆಲ್ಲ ಸುತ್ತಿಬಂದಿತ್ತು. ನಂದಿನಿಯವರು, ನಾನು ಯಾರೆಂಬುದು ನನಗೆ ಗೊತ್ತು, ಪುರಾವೆಯಿದ್ದರೆ ತೋರಿಸಲಿ ಎಂದಿಷ್ಟೇ ಹೇಳಿ, ತಾಯಿಗೆ ಅಸ್ವಸ್ಥವಾಗಿದೆಯೆಂದು ಊರಿಗೆ ಹೊರಟರು. ದೇಶಕ್ಕೆ ಪದಕ ತಂದ ಹುಡುಗಿ, ಆ ಪದಕವನ್ನು ಕೊರಳಲ್ಲಿ ಧರಿಸಿದ ಸಂತೋಷವನ್ನು ಒಂದು ದಿನವಾದರೂ ಪೂರ್ತಿಯಾಗಿ ಅನುಭವಿಸಲಿಲ್ಲ. 2025ರಲ್ಲಿ ಕೊರಿಯಾದ ಗುಮಿಯಲ್ಲಿ ನಡೆದ ಏಷ್ಯನ್ ಅಥ್ಲೆಟಿಕ್ಸ್ ಕೂಟದಲ್ಲಿ ಆಕೆ 5941 ಅಂಕಗಳೊಡನೆ ಚಿನ್ನವನ್ನೇ ಗೆದ್ದರೆಂಬುದನ್ನು ಬರೆಯಲು ನಮಗೆ ಆನಂದವಾಗುತ್ತದೆ.

ಹಂಪೆಯ ವೈಭವದ ದಿನಗಳಲ್ಲಿ, ಸುಮಾರು 1520ರ ವೇಳೆಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸನು (ಹೆಸರಿನ ಹೋಲಿಕೆ ಆಕಸ್ಮಿಕ!) ಮಹಾನವಮಿಯ ಜಟ್ಟಿಕಾಳಗಗಳನ್ನು ವರ್ಣಿಸಿದ್ದಾನೆ. ಹಲ್ಲು ಮುರಿಯುವಂತಹ ಪೆಟ್ಟುಗಳು ಬೀಳುತ್ತಿದ್ದುವಂತೆ. ಆದರೆ ಕಣದಲ್ಲಿಯೇ ತೀರ್ಪುಗಾರರಿದ್ದು, ಸರಿಸಮಾನರನ್ನು ಎದುರು ನಿಲ್ಲಿಸಿ, ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸುತ್ತಿದ್ದರಂತೆ. ಹಾಂಗ್‌ಝೌನಲ್ಲಿಯೂ ತೀರ್ಪುಗಾರರಿದ್ದರು, ಮೇಲ್ಮನವಿಯ ಮಂಡಳಿಯೂ ಇತ್ತು. ಆ ಬಾಗಿಲನ್ನು ಬಿಟ್ಟು ಬೀದಿಗೆ ಹೋದರೆ ಅಲ್ಲಿ ಕೂಗುವವರು ಸಿಕ್ಕುವರೇ ಹೊರತು ತೀರ್ಪುಗಾರರು ಸಿಕ್ಕುವುದಿಲ್ಲ.

ಹಾಗಾದರೆ ಹೆಣ್ಣುಮಕ್ಕಳು ಎಲ್ಲವನ್ನೂ ನುಂಗಿಕೊಂಡು ಬಾಯಿ ಮುಚ್ಚಿಕೊಂಡಿರಬೇಕೇ ಎಂದು ನಮ್ಮ ಓದುಗರಲ್ಲಿ ಯಾರಾದರೂ ಕೇಳಿದರೆ, ಅದು ಯೋಗ್ಯವಾದ ಪ್ರಶ್ನೆಯೇ ಸರಿ. ಅದೇ 2023ರಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ಮೊದಲಾದ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರಿನಲ್ಲಿ ಕುಳಿತು, ಕುಸ್ತಿ ಒಕ್ಕೂಟದ ಅಧ್ಯಕ್ಷರಿಂದ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾಗಿದೆಯೆಂದು ಆಪಾದಿಸಿದರು. ಬೀದಿಗೆ ಬಂದು, ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕ ಮೇಲೆಯೇ ಪೋಲೀಸರು ಏಪ್ರಿಲ್ ಕೊನೆಯಲ್ಲಿ ದೂರನ್ನು ದಾಖಲಿಸಿಕೊಂಡರು. ಅವರು ಪತ್ರಿಕೆಗಳವರನ್ನು ಕರೆದುದು ತಪ್ಪೆಂದು ನಾವು ಎಂದೂ ಹೇಳೆವು. ಬಲಾಢ್ಯರು ಬಾಗಿಲು ಮುಚ್ಚಿದಾಗ ದುರ್ಬಲರಿಗೆ ಬೀದಿಯೊಂದೇ ನ್ಯಾಯಾಲಯ. ಆದರೆ ಪಕ್ಕದ ಹಾಸಿಗೆಯಲ್ಲಿ ಮಲಗುವ ಸಂಗಾತಿಗೆ ಯಾವ ಬಾಗಿಲು ಮುಚ್ಚಿದೆ? ಅಧಿಕಾರವಿದ್ದವರ ಮೇಲೆ ಎತ್ತಬೇಕಾದ ಆಯುಧವನ್ನು ನಮ್ಮಷ್ಟೇ ನಿರಾಯುಧಳಾದವಳ ಮೇಲೆ ಎತ್ತುವುದನ್ನೇ ನಾವು ಆಕ್ಷೇಪಿಸುತ್ತೇವೆ.

ಒಂದು ಕಡೆ ಮಾತ್ರ ನಮ್ಮ ಮನಸ್ಸು ಇನ್ನೂ ತೂಗಾಡುತ್ತಿದೆ. ಸಾಕ್ಷಿ ಮಲಿಕ್ ಅವರು 2024ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ, ತಮ್ಮೊಡನೆ ಬೀದಿಯಲ್ಲಿ ಕುಳಿತ ವಿನೇಶ್ ಮತ್ತು ಬಜರಂಗ್ ಪೂನಿಯಾ ಅವರು ಏಷ್ಯನ್ ಕೂಟದ ಆಯ್ಕೆಪಂದ್ಯಗಳಿಂದ ವಿನಾಯಿತಿ ಪಡೆದುದು ಆ ಹೋರಾಟಕ್ಕೆ ಸ್ವಾರ್ಥದ ಬಣ್ಣ ಬಳಿಯಿತೆಂದು ಬರೆದರು. ಇದೂ ಒಡನಾಡಿಗಳ ಮೇಲಣ ದೂರೇ. ಆದರೆ ಆ ಹೋರಾಟಕ್ಕೆ ದೇಶವನ್ನೇ ಸಾಕ್ಷಿಯಾಗಿ ಕರೆದವರು, ಅದರ ಲೆಕ್ಕವನ್ನು ದೇಶಕ್ಕೆ ಒಪ್ಪಿಸಬಾರದೆಂದು ಹೇಳಲು ನಮಗೆ ಧೈರ್ಯವಾಗದು. ನೊಂದ ಕೆಳೆತನ ಒಂದು ಕಡೆ, ಒಪ್ಪಿಸಬೇಕಾದ ಸತ್ಯ ಇನ್ನೊಂದು ಕಡೆ. ನಮ್ಮ ಉಪಾಧ್ಯಾಯಿನಿಯರ ಕೋಣೆಯಲ್ಲಿ ಈ ಕುರಿತು ಎರಡು ಪಕ್ಷಗಳಿವೆ.

ಪತ್ರಿಕೆಗಳವರನ್ನೂ ಪೂರ್ತಿಯಾಗಿ ಬಿಡುವಂತಿಲ್ಲ. ಸೋತು ಬೆವರು ಆರುವ ಮೊದಲೇ ಹುಡುಗಿಯೊಬ್ಬಳ ಬಾಯಿಗೆ ಮೈಕನ್ನು ಹಿಡಿದು, ತಪ್ಪು ಯಾರದೆಂದು ಕೇಳುವುದು ಯಾವ ದಯೆ? ನಮ್ಮ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾಸಂಸ್ಥೆಯಲ್ಲಿ ದೇಶದ ನಾನಾ ಕಡೆಯ ಎಳೆಯರು ಒಂದೇ ಸೂರಿನಡಿ ಉಂಡು ಮಲಗಿ ಅಭ್ಯಾಸ ಮಾಡುತ್ತಾರೆ. ಅಂತಹ ಮಕ್ಕಳಿಗೆ ಓಟ ಜಿಗಿತಗಳ ಜೊತೆಗೆ ಆ ಮೈಕಿನ ಮುಂದೆ ಸುಮ್ಮನಿರುವ ವಿದ್ಯೆಯನ್ನೂ ಕಲಿಸಬೇಕಾಗಿದೆ.

ನಮ್ಮ ಶಾಲೆಯಲ್ಲಿ ಈ ವರುಷದಿಂದ ಒಂದು ಪದ್ಧತಿಯನ್ನು ಆರಂಭಿಸಿದ್ದೇವೆ. ಪಂದ್ಯ ಮುಗಿದ ಮರುದಿನ ಸಂಜೆ ತಂಡದವರು ಮಾತ್ರ ಆಟದ ಸಾಮಾನಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂಡಬೇಕು. ಅಲ್ಲಿ ಯಾರ ಮೇಲೆ ಏನು ಬೇಕಾದರೂ ಹೇಳಬಹುದು. ಹೇಳಿಸಿಕೊಂಡವಳು ಉತ್ತರ ಕೊಡುವವರೆಗೂ ಯಾರೂ ಏಳಬಾರದು. ಅಲ್ಲಿನ ಮಾತು ಹೊರಗೆ ಬರಬಾರದು, ನಮ್ಮ ಬಳಿಗೂ ಸಹ. ಕಾಲು ಗಂಟೆ ಸಾಕೆಂದು ನಾವು ಎಣಿಸಿದ್ದೆವು. ಮೊದಲನೆಯ ಸಲ ಒಂದೂವರೆ ಗಂಟೆ ಹಿಡಿಯಿತು. ಬೀಗ ಹಾಕಬೇಕೆಂದು ಜವಾನನು ಎರಡು ಸಲ ಬಾಗಿಲು ತಟ್ಟಿದನು. ಹೊರಗೆ ಬಂದಾಗ ಒಬ್ಬಿಬ್ಬರ ಕಣ್ಣು ಕೆಂಪಾಗಿದ್ದುವು. ಒಳಗೆ ಏನು ನಡೆಯಿತೆಂದು ನಾವು ಕೇಳಲಿಲ್ಲ. ಹಂಪೆಯಲ್ಲಿ ಕೈ ತೋರಿಸಿದವಳೂ ಬಸವಣ್ಣನ ಬಳಿಗೆ ನಡೆದುಹೋದವಳೂ ಬಸ್ಸಿಗೆ ಹೊತ್ತಾಯಿತೆಂದು ಒಟ್ಟಿಗೆ ಓಡಿದರು.