ಸುಣ್ಣದ ಬಕೆಟ್ಟು ಯಾರ ಕೈಗೆ?



ಡ್ರಿಲ್ ಮೇಷ್ಟ್ರು ಅಂದರೆ ಎಲ್ಲರಿಗೂ ಸೀಟಿ, ಬೆತ್ತ, ಬಿಸಿಲು ನೆನಪಾಗುತ್ತದೆ. ಕೇರಿಯಿಂದ ಸ್ಕೂಲಿಗೆ ಹೋದ ನಮಗೆ ಇನ್ನೊಂದೂ ನೆನಪಾಗುತ್ತದೆ: ಸುಣ್ಣದ ಬಕೆಟ್ಟು. ಮೈದಾನದ ಕಲ್ಲು ಆರಿಸಿದವರು ನಾವು, ಗೆರೆ ಎಳೆದವರು ನಾವು, ಆಟ ಮುಗಿದ ಮೇಲೆ ನೆಟ್ಟು ಸುತ್ತಿಟ್ಟವರು ನಾವು. ತಂಡದ ಪಟ್ಟಿ ಓದುವಾಗ ಮಾತ್ರ ನಮ್ಮ ಹೆಸರು ಮರೆತುಹೋಗುತ್ತಿತ್ತು. ಕುಡಿಯುವ ನೀರು ತರೋದಕ್ಕೂ ನಮ್ಮನ್ನು ಕಳಿಸುತ್ತಿರಲಿಲ್ಲ. ಯಾಕೆ ಅಂತ ಈ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ.

ಈ ಮೇಷ್ಟ್ರುಗಳು ಆಕಾಶದಿಂದ ಉದುರಿದವರಲ್ಲ. ಇವರನ್ನು ತಯಾರು ಮಾಡುವುದಕ್ಕೆ ಕಾಲೇಜುಗಳಿವೆ. 1920ರಲ್ಲೇ ಅಮೆರಿಕದ ಎಚ್.ಸಿ. ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ಕಾಲೇಜು ಶುರು ಮಾಡಿದರು. 1957ರಲ್ಲಿ ಕೇಂದ್ರ ಸರ್ಕಾರ ಗ್ವಾಲಿಯರಿನಲ್ಲಿ ಒಂದು ತೆರೆಯಿತು. ಒಂದು ವರ್ಷವಿದ್ದ ಬಿ.ಪಿ.ಎಡ್. 2014ರ ನಿಯಮ ಬಂದಮೇಲೆ ಎರಡು ವರ್ಷವಾಯಿತು. ಮೂಳೆ, ಸ್ನಾಯುಗಳ ಹೆಸರು ಕಲಿಸುತ್ತಾರೆ. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ ಅಂತ ಬಾಯಿಪಾಠ ಮಾಡಿಸುತ್ತಾರೆ. ಇದೆಲ್ಲ ಬೇಕು, ಬ್ಯಾಡ ಅನ್ನುತ್ತಿಲ್ಲ. ಮಂಡಿಯ ಕೀಲು ಹೇಗಿದೆ ಅಂತ ಗೊತ್ತಿಲ್ಲದವನ ಕೈಗೆ ಮಕ್ಕಳ ಕಾಲು ಕೊಡಬಾರದು.

ಆದರೆ ಕಬಡ್ಡಿ ಮುಟ್ಟುವ ಆಟ. ಮುಟ್ಟಬೇಕು, ಹಿಡಿಯಬೇಕು, ಕೆಡವಬೇಕು, ಬೆವರಿಗೆ ಬೆವರು ಹತ್ತಬೇಕು. ಖೋ ಕೊಡುವುದೂ ಬೆನ್ನು ಮುಟ್ಟಿಯೇ. ಮುಟ್ಟಬಾರದು ಅಂತ ಮನೆಯಲ್ಲಿ ಕಲಿತು ಬಂದ ಹುಡುಗನೂ ಮುಟ್ಟಿಸಿಕೊಳ್ಳದೆ ಬೆಳೆದ ಹುಡುಗನೂ ಒಂದೇ ಅಂಕಣಕ್ಕೆ ಇಳಿದಾಗ ಮೇಷ್ಟ್ರು ಏನು ಮಾಡಬೇಕು? ಇಬ್ಬರು ನಾಯಕರನ್ನು ನಿಲ್ಲಿಸಿ 'ನಿಮಗೆ ಬೇಕಾದವರನ್ನು ಆರಿಸ್ಕೊಳ್ರೋ' ಅಂದುಬಿಟ್ಟರೆ ಕೊನೆಗೆ ಬಿಸಿಲಲ್ಲಿ ಉಳಿಯುವ ಮಕ್ಕಳು ಯಾರು? ನಮ್ಮ ಹೆಣ್ಣುಮಕ್ಕಳನ್ನಂತೂ ಆ ಸಾಲಿನಲ್ಲಿ ನಿಲ್ಲಿಸುವುದೂ ಇಲ್ಲ. ಪಾಠ ಬೋಧನೆಯ ಅಭ್ಯಾಸಕ್ಕೆ ಸ್ಕೂಲಿಗೆ ಬರುವ ವಿದ್ಯಾರ್ಥಿ ಶಿಕ್ಷಕ ಸೀಟಿ ಊದಿದ್ದಕ್ಕೆ, ಸಾಲು ನೆಟ್ಟಗೆ ನಿಲ್ಲಿಸಿದ್ದಕ್ಕೆ ಅಂಕ ಪಡೆಯುತ್ತಾನೆ. ತಂಡ ಹೇಗೆ ಹಂಚಿದ, ಬಕೆಟ್ಟು ಯಾರ ಕೈಗೆ ಕೊಟ್ಟ ಅಂತ ನೋಡಿ ಅಂಕ ಕೊಡುವವರು ಯಾರು?

ವ್ಯಾಯಾಮ ಶಿಕ್ಷಣದ ಚರಿತ್ರೆ ಅಂತ ಸ್ಪಾರ್ಟಾ, ಅಥೆನ್ಸ್ ಓದಿಸುತ್ತಾರೆ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಅಷ್ಟು ದೂರದವನೇ? ಚಮ್ಮಾರರ ಮಗ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ಚಿಗೆ ರೋಲರ್ ಎಳೆದ, ದೊರೆಗಳಿಗೆ ಗಂಟೆಗಟ್ಟಲೆ ಬೌಲ್ ಮಾಡಿದ. ಹಿಂದೂ ತಂಡಕ್ಕೆ ಅವನ ಕೈಚಳಕ ಬೇಕಾಯಿತು; ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ಕಿತ್ತ. ಆದರೂ ನಾಯಕನನ್ನಾಗಿ ಮಾಡಲಿಲ್ಲ. ಆ ಪಟ್ಟ ಸಿಕ್ಕಿದ್ದು ತಮ್ಮ ವಿಠ್ಠಲನಿಗೆ, 1923ರಲ್ಲಿ. (1937ರ ಚುನಾವಣೆಯಲ್ಲಿ ಬಾಲೂ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತ. ಅದನ್ನೂ ಮುಚ್ಚಿಡುವುದು ಬೇಡ, ಮಕ್ಕಳು ಓದಲಿ.) ಕ್ರೀಡೆ ಜಾತಿ ಕಳೆಯುತ್ತದೆ ಅಂತ ಭಾಷಣ ಮಾಡುವ ಪ್ರಾಧ್ಯಾಪಕರು ಆ ಕುಡಿಕೆಯಿಂದ ಪಾಠ ಶುರು ಮಾಡಲಿ.

ಕಾನೂನಿನ ಕತೆಯನ್ನೂ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಸ್ಕೂಲಿಗೂ ಆಟದ ಮೈದಾನ ಬೇಕು ಅನ್ನುತ್ತದೆ. ಆಟ ಕಲಿಸುವವರನ್ನು ಕೇಳಿದರೆ ಆರರಿಂದ ಎಂಟನೆ ಕ್ಲಾಸಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಅರೆಕಾಲಿಕ ಬೋಧಕ. ಒಂದರಿಂದ ಐದಕ್ಕೆ ಅದೂ ಇಲ್ಲ. ಮುಟ್ಟಬ್ಯಾಡ ಅನ್ನುವುದನ್ನು ಮಗು ಕಲಿಯುವ ವಯಸ್ಸೇ ಅದು! ಉಳ್ಳವರ ಮಕ್ಕಳು ದುಡ್ಡು ಕೊಟ್ಟು ಕೋಚಿಂಗಿಗೆ ಹೋಗುತ್ತಾರೆ. ನಮ್ಮ ಮಕ್ಕಳಿಗೆ ಸರ್ಕಾರಿ ಸ್ಕೂಲಿನ ಆ ಒಂದು ಪೀರಿಯಡ್ಡೇ ಗತಿ. ಅದನ್ನೂ ಗಣಿತದ ಮೇಷ್ಟ್ರು ಕಿತ್ತುಕೊಳ್ಳುತ್ತಾರೆ.

ನಾವು ಕೇಳುವುದು ಇಷ್ಟು: ಬೋಧನಾ ಅಭ್ಯಾಸದ ಅಂಕಪಟ್ಟಿಯಲ್ಲಿ ತಂಡ ಹಂಚಿಕೆಗೂ ಕೆಲಸ ಹಂಚಿಕೆಗೂ ಅಂಕವಿರಲಿ. ಸುಣ್ಣ ಹಾಕುವ ಕೆಲಸ ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರಿಗೂ ಬರಲಿ, ಗೌಡರ ಮಗನಿಗೂ. ಒಂದನೆ ಕ್ಲಾಸಿನಿಂದಲೇ ತರಬೇತಾದ, ಪೂರ್ತಿ ಸಂಬಳದ ಶಿಕ್ಷಕರಿರಲಿ.

ಬಿ.ಪಿ.ಎಡ್. ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ತಮ್ಮ ಕಾಲೇಜಿನ ಮೈದಾನದಲ್ಲಿ, ಹಾಸ್ಟೆಲಿನಲ್ಲಿ ಏನು ನಡೆಯುತ್ತಿದೆ ಅಂತ ನಮಗೆ ಬರೆಯಿರಿ. ಮುಂದಿನ ಸಭೆಗೆ ಬಂದಾಗ ಕೈಗೇ ಕೊಟ್ಟರೂ ಸರಿ. ಹೆಸರು ಅಚ್ಚು ಹಾಕುವುದಿಲ್ಲ.