ಅರಮನೆಯ ನಕಲು ಬೇಡ, ವಾಡೆಯ ಮಾಳಿಗೆ ಉಳಿಸಿ

2022ರಲ್ಲಿ ಕಿತ್ತೂರು ಬಂದ್ ಆಗಿತ್ತು. ರಾಣಿ ಚನ್ನಮ್ಮನ ಅರಮನೆಯ ಪ್ರತಿರೂಪ ಕಟ್ಟುತ್ತೇವೆ ಎಂದಿದ್ದ ಸರ್ಕಾರ, ಜಾಗ ಬಚ್ಚನಕೇರಿ ಎಂದಿತ್ತು. ಕೋಟೆ ಹತ್ತಿರವೇ ಆಗಬೇಕು ಎಂದು ಕಿತ್ತೂರಿನವರು ಬೀದಿಗಿಳಿದರು. ಎಲ್ಲಿ ಕಟ್ಟಬೇಕು ಎಂದು ಎಲ್ಲರೂ ಕೇಳಿದರು. ಕಟ್ಟಲೇಬೇಕಾ ಎಂದು ಕೇಳಿದವರು ಕಡಿಮೆ. ನನ್ನ ತಕರಾರು ಇರುವುದು ಅಲ್ಲೇ.

1824ರ ಯುದ್ಧದಲ್ಲಿ ಗೆದ್ದ ಮೇಲೆ ಬ್ರಿಟಿಷರು ಹಾಳುಗೆಡವಿದ ಆ ಅರಮನೆಯಲ್ಲಿ ಈಗಿರುವುದು ಮೊಂಡು ಗೋಡೆ, ಬಚ್ಚಲು, ನೀರಿನ ಕೊಳವೆ, ಧ್ರುವ ನಕ್ಷತ್ರ ನೋಡುವ ಕಿಂಡಿ. ನಮಗೆ ಏನಾಯಿತು ಎಂಬುದನ್ನು ಆ ಮೊಂಡು ಗೋಡೆಗಳೇ ಹೇಳುತ್ತವೆ. ಹೊಸ ಕಾಂಕ್ರೀಟು ಅದನ್ನು ಹೇಳಲಾರದು. ಅಲ್ಲಿ ಸೆಲ್ಫಿಗೆ ಜಾಗ ಚೆನ್ನಾಗಿರುತ್ತದೆ, ಅಷ್ಟೇ.

ಅತ್ತ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಇನ್ನೂ ನಿಂತಿರುವ ಅಸಲಿ ಕಟ್ಟಡಗಳಿವೆ. ದೇಸಾಯರ, ಗೌಡರ, ಇನಾಮದಾರರ ವಾಡೆಗಳು. 1974ರ ಭೂಸುಧಾರಣೆಯಲ್ಲಿ ಜಮೀನು ಉಳುವವನಿಗೆ ಹೋಯಿತು, ಅದು ನ್ಯಾಯವೇ. ಆದಾಯ ನಿಂತ ಮನೆತನಗಳು ಬೆಳಗಾವಿ, ಪುಣೆ, ಬೆಂಗಳೂರು ಸೇರಿದವು. ವಾಡೆ ಮಾತ್ರ ಊರಲ್ಲೇ ಉಳಿಯಿತು, ಉತಾರದಲ್ಲಿ ಹತ್ತಾರು ಪಾಲುದಾರರ ಹೆಸರು ಹೊತ್ತುಕೊಂಡು. ಒಬ್ಬರು ರಿಪೇರಿ ಮಾಡಿಸೋಣ ಎಂದರೆ ಇನ್ನೊಬ್ಬರು ಮಾರೋಣ ಎನ್ನುತ್ತಾರೆ. ಅಷ್ಟರಲ್ಲಿ ಸಾಗವಾನಿ ಕಂಬ ಒಂದೊಂದೇ ಮಾಯವಾಗುತ್ತದೆ.

ನಾವು ವರದಿಗಾರರೂ ವಾಡೆಗೆ ಹೋಗುವುದು ಗೋಡೆ ಬಿದ್ದಾಗಲೇ. ಅದಕ್ಕೂ ಮೊದಲು ಬರೆದರೆ ಡೆಸ್ಕಿನವರು "ಇದರಲ್ಲಿ ಸುದ್ದಿ ಏನೈತ್ರಿ?" ಎನ್ನುತ್ತಾರೆ.

ವಾಡೆ ಬೀಳುವುದು ವಯಸ್ಸಾಗಿ ಅಲ್ಲ, ಮಾಳಿಗೆ ಸೋರಿ. ಮಣ್ಣಿನ ಮಾಳಿಗೆಯನ್ನು ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ನೋಡಬೇಕು, ಹೊಸ ಮಣ್ಣು ಹಾಕಿ ಬಡಿಯಬೇಕು, ಹರಿನಾಳಿಗೆ ಬಿಡಿಸಬೇಕು. ಮನೆಯಲ್ಲಿ ಜನ ಇದ್ದಾಗ ಇದು ಎರಡು ದಿನದ ಕೆಲಸ. ಜನ ಇಲ್ಲದಿದ್ದರೆ ಮೊದಲು ಜಂತಿ ಕೊಳೆಯುತ್ತದೆ, ಆಮೇಲೆ ತೊಲೆ, ಕೊನೆಗೆ ಮೂರಡಿ ದಪ್ಪದ ಗೋಡೆಯೂ ನೀರು ಕುಡಿದು ಕೂರುತ್ತದೆ. 2019ರಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಕಡೆ ಮಣ್ಣಿನ ಮನೆಗಳು ಬಿದ್ದದ್ದನ್ನು ಕಂಡಿದ್ದೇವೆ. ಪೂರ್ತಿ ಬಿದ್ದ ಮನೆಗೆ ₹5 ಲಕ್ಷ ಪರಿಹಾರ ಘೋಷಣೆಯಾಯಿತು. ಬೀಳದಂತೆ ಕಾಯುವುದಕ್ಕೆ ಮಾತ್ರ ಯಾವ ಲೆಕ್ಕಶೀರ್ಷಿಕೆಯೂ ಕಾಣಲಿಲ್ಲ.

ರಿಪೇರಿ ಎಂದ ಕೂಡಲೇ ಗುತ್ತಿಗೆದಾರ ಸಿಮೆಂಟು ಚೀಲ ಇಳಿಸುತ್ತಾನೆ. ಅದು ಇನ್ನೊಂದು ಅಪಾಯ. ಮಣ್ಣು, ಗಚ್ಚಿನ ಗೋಡೆ ಹೀರಿದ ತೇವವನ್ನು ಹೊರಗೆ ಬಿಡಬೇಕು. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗೋಡೆ ಪುಡಿಯಾಗುತ್ತದೆ. ಗಚ್ಚಿನ ಕೆಲಸ ಬಲ್ಲ ಗೌಂಡಿಗಳು ಮುದುಕರಾಗಿದ್ದಾರೆ, ಅವರ ಮಕ್ಕಳು ಹುಬ್ಬಳ್ಳಿಯಲ್ಲಿ ಟೈಲ್ಸ್ ಹಾಕುತ್ತಾರೆ.

ಗುಡಿಗಾದರೆ ಕೇಳುವವರಿದ್ದಾರೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ರಾಜ್ಯದಲ್ಲಿ ಎಷ್ಟೋ ಹಳೆಯ ದೇವಸ್ಥಾನಗಳನ್ನು ಎತ್ತಿ ನಿಲ್ಲಿಸಿದೆ. ವಾಡೆಗೆ ದೇವರಿಲ್ಲ, ಹುಂಡಿಯಿಲ್ಲ.

"ದೇಸಾಯರ ಮನೆಗೆ ನಮ್ಮ ದುಡ್ಡು ಯಾಕ?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಅಗಸಿಯಾಚೆ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತವರ ಮೊಮ್ಮಕ್ಕಳ ತೆರಿಗೆ ಹಣ ಅದು. ಹಾಗಾಗಿ ವಾಡೆಯನ್ನು ದೇಸಾಯರ ನೆನಪಿಗಾಗಿ ಉಳಿಸಬೇಕು ಎಂದು ನಾನು ಹೇಳುತ್ತಿಲ್ಲ. ಆ ಮೊಮ್ಮಕ್ಕಳು ಒಳಗೆ ಕೂರುವಂತಾಗಬೇಕು. ಸವದತ್ತಿ ತಾಲೂಕಿನ ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಲಿಂಗಾಯತ ಮಕ್ಕಳ ಓದಿಗೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಮನೆತನದ ಆಸ್ತಿ ಊರ ಮಕ್ಕಳ ಪಾಲಾಗುವುದು ಈ ಸೀಮೆಗೆ ಹೊಸದಲ್ಲ. ಈಗ ಅದು ಒಂದೇ ಸಮಾಜಕ್ಕೆ ಎಂದಾಗಬಾರದು, ಅಷ್ಟೇ.

ದೂರದ ಒಂದು ಉದಾಹರಣೆ. ಉಕ್ರೇನಿನ ಮೊಲೊಚಾನ್ಸ್ಕ್ ಪಟ್ಟಣ ಮೊದಲು ಮೆನ್ನೊನೈಟ್ ಕ್ರೈಸ್ತರ ಊರಾಗಿತ್ತು. ಕ್ರಾಂತಿ, ಯುದ್ಧಗಳಲ್ಲಿ ಅವರು ಊರು ಬಿಟ್ಟರು. ಕೆನಡಾ ಸೇರಿದವರ ಕಡೆಯವರು ನಂತರ ಅಲ್ಲಿನ ಹಳೆಯ ಹೆಣ್ಣುಮಕ್ಕಳ ಶಾಲೆಯನ್ನು ದುರಸ್ತಿ ಮಾಡಿಸಿ, ಈಗಿನ ನಿವಾಸಿಗಳ ನೆರವಿನ ಕೇಂದ್ರ ಮಾಡಿದರು. ಪುಣೆ ಕೆನಡಾದಷ್ಟು ದೂರವಿಲ್ಲ.

ನಮ್ಮಲ್ಲಿ ಹೇಗೆ? ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಕೂಸಿನ ಮನೆಗೆ ಜಾಗ ಹುಡುಕುವ ಊರುಗಳಿವೆ. ಅದೇ ಊರಲ್ಲಿ ವಾಡೆಯ ಪಡಸಾಲೆ ಬಾವಲಿಗಳ ಪಾಲಾಗಿರುತ್ತದೆ. ಪಾಲುದಾರರೆಲ್ಲ ಮಾರಬೇಕಿಲ್ಲ, ಮೂವತ್ತು ವರ್ಷಕ್ಕೆ ಕರಾರು ಬರೆದುಕೊಟ್ಟರೆ ಸಾಕು. ಪಂಚಾಯಿತಿ ಮಾಳಿಗೆ ನೋಡಿಕೊಳ್ಳಲಿ, ಪಡಸಾಲೆ ಬಳಸಲಿ. ಪುರಾತತ್ವ ಇಲಾಖೆ ಹಣ ಕೊಡದಿದ್ದರೂ ನಡೆದೀತು, ಗಚ್ಚಿನ ಕೆಲಸ ಬಲ್ಲ ಒಬ್ಬ ಎಂಜಿನಿಯರನ್ನು ಕಳಿಸಲಿ. ಅಕ್ಟೋಬರಿನ ಕಿತ್ತೂರು ಉತ್ಸವದ ವೇದಿಕೆಗೆ ಬರುವ ಸಚಿವರು ಈ ಸಲ ನಾಲ್ಕು ತಾಲೂಕಿಗೆ ಒಂದೊಂದು ವಾಡೆಯ ಹೆಸರು ಹೇಳಲಿ. ಕೆಲಸ ಮಾತ್ರ ಮುಂದಿನ ಮಿರಗದ ಮಳೆಗೆ ಮೊದಲೇ ಆಗಬೇಕು.